ಗೂಡಿನೆದುರು ಕ್ಯಾಮೆರಾ: ಇದೂ ಬೇಟೆಯೇ

ಕೋವಿ ಹಿಡಿದು ಕಾಡು ಹೊಕ್ಕವನು ಬೇಟೆಗಾರ, ಕ್ಯಾಮೆರಾ ಹಿಡಿದು ಹೊಕ್ಕವನು ಪರಿಸರಪ್ರೇಮಿ ಎಂಬ ನಂಬಿಕೆ ಮಲೆನಾಡಿನಲ್ಲಿ ಬೇರೂರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಕಾಯ್ದೆಯ 2ನೇ ಕಲಂನಲ್ಲಿ ‘ಬೇಟೆ’ ಎಂಬ ಪದಕ್ಕೆ ವ್ಯಾಖ್ಯೆಯಿದೆ. ಕೊಲ್ಲುವುದು, ಹಿಡಿಯುವುದು, ಉರುಳು ಹಾಕುವುದು ಬೇಟೆ ಎನ್ನುವುದು ಎಲ್ಲರೂ ಬಲ್ಲ ಮಾತು. ಅದೇ ವ್ಯಾಖ್ಯೆಯೊಳಗೆ ಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದು, ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಇವೂ ಸೇರಿವೆ. ತೊಂದರೆ ಕೊಟ್ಟವನ ಕೈಯಲ್ಲಿ ಯಾವ ಸಲಕರಣೆಯಿತ್ತು ಎಂದು ಕಾಯ್ದೆ ವಿಚಾರಿಸುವುದಿಲ್ಲ.

ಪ್ರತಿವರ್ಷ ಜನವರಿ ಕಳೆಯುತ್ತಿದ್ದಂತೆ ಘಟ್ಟದ ಕಾಡುಗಳಲ್ಲಿ ಮಂಗಟ್ಟೆಗಳ ಗೂಡಿನ ಕಾಲ ಆರಂಭವಾಗುತ್ತದೆ. ನಗರಗಳಿಂದ ಉದ್ದ ಮಸೂರಗಳನ್ನು ಹೊತ್ತ ಕಾರುಗಳು ಘಟ್ಟ ಹತ್ತುವುದೂ ಆ ಕಾಲದಲ್ಲಿಯೇ. ಹೆಣ್ಣು ಮಂಗಟ್ಟೆ ಹಳೆಯ ಮರವೊಂದರ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೂ ಹಣ್ಣಿನ ತಿರುಳಿನಿಂದಲೂ ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಕುಳಿತು ರೆಕ್ಕೆಯ ಗರಿಗಳನ್ನು ಉದುರಿಸುತ್ತದೆ. ಆ ಸ್ಥಿತಿಯಲ್ಲಿ ಅದು ಹಾರಲಾರದು, ಓಡಲಾರದು. ತಿಂಗಳುಗಟ್ಟಲೆ ತಾಯಿಯ ಹಾಗೂ ಮರಿಯ ಅನ್ನ ಗಂಡಿನ ಗಂಟಲಲ್ಲಿದೆ. ಗೋಳಿ, ಅತ್ತಿ, ಬಸರಿಯ ಹಣ್ಣುಗಳನ್ನು ಅದು ಗಂಟಲಿನ ಚೀಲದಲ್ಲಿ ತುಂಬಿಕೊಂಡು ಬಂದು, ಮರದ ಕಾಂಡಕ್ಕೆ ಅಂಟಿ ಕುಳಿತು, ಒಂದೊಂದಾಗಿ ಕಕ್ಕಿ ಸೀಳಿನೊಳಕ್ಕೆ ನೀಡುತ್ತದೆ.

ಛಾಯಾಗ್ರಾಹಕನಿಗೆ ಬೇಕಾದುದು ಈ ಕ್ಷಣವೇ. ಹಾರುವ ಮಂಗಟ್ಟೆಯನ್ನು ಹಿಡಿಯಲು ವರ್ಷಗಳ ಅಭ್ಯಾಸ ಬೇಕು. ಗೂಡಿನ ಮಂಗಟ್ಟೆಯಾದರೋ ತಾನಾಗಿಯೇ ದಿನಕ್ಕೆ ಹಲವು ಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಮರದ ಬುಡದಲ್ಲಿ ಮುಕ್ಕಾಲಿಗಳ ಸಾಲು ನಿಲ್ಲುತ್ತದೆ. ಗಂಡು ಹಕ್ಕಿ ಜನರನ್ನು ಕಂಡು ದೂರದ ಕೊಂಬೆಯಲ್ಲೇ ಕುಳಿತುಬಿಡುತ್ತದೆ. ಕೊನೆಗೆ ಗಂಟಲಿನ ಹಣ್ಣನ್ನು ಹೊತ್ತುಕೊಂಡೇ ಹಿಂದಿರುಗುವುದೂ ಉಂಟು. ಪೊಟರೆಯ ಒಳಗೆ ಮರಿಗೆ ಒಂದು ಊಟ ತಪ್ಪಿತೆಂದು ಹೊರಗಿನವರಿಗೆ ತಿಳಿಯುವುದು ಹೇಗೆ? ನೋಟಕ್ಕೆ ಅಡ್ಡಬಂದ ರೆಂಬೆಗಳನ್ನು ಕತ್ತಿಯಿಂದ ಸವರುವವರಿದ್ದಾರೆ. ಆ ರೆಂಬೆಗಳ ಮರೆಯಿಲ್ಲದ ಗೂಡು ಬಿಸಿಲಿಗೂ ವೈರಿಗಳ ಕಣ್ಣಿಗೂ ತೆರೆದುಕೊಳ್ಳುತ್ತದೆ. ಮಂಗಟ್ಟೆ ತಾನಾಗಿ ಪೊಟರೆ ಕೊರೆಯಲಾರದು. ಶತಮಾನ ಕಂಡ ಮರಗಳಲ್ಲಿ ತಾನಾಗಿ ಆದ ಪೊಟರೆಯನ್ನೇ ಅದು ಹುಡುಕಬೇಕು. ಒಮ್ಮೆ ಒಗ್ಗಿದ ಗೂಡಿಗೆ ವರ್ಷ ವರ್ಷವೂ ಮರಳುತ್ತದೆ. ಅಂತಹ ಗೂಡು ತಪ್ಪಿದರೆ ಬದಲಿ ಪೊಟರೆ ಸುಲಭವಾಗಿ ಸಿಗುವಂತಹುದಲ್ಲ. ರಾಮಪತ್ರೆ, ಧೂಪದಂತಹ ದೊಡ್ಡ ಬೀಜದ ಮರಗಳ ಸಂತಾನ ಕಾಡಿನಲ್ಲಿ ಹರಡುವುದು ಬಹುಮಟ್ಟಿಗೆ ಈ ಹಕ್ಕಿಯ ಗಂಟಲಿನಿಂದ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ನ್ಯಾಯದ ಮಾತು. ಹೊಲಕ್ಕೆ ನುಗ್ಗಿದ ಹಂದಿಗೆ ಉರುಳು ಕಟ್ಟಿದ ಬಡ ರೈತನ ಮೇಲೆ ಮೊಕದ್ದಮೆ ಬೀಳುತ್ತದೆ. ಸೊಪ್ಪಿನ ಬೆಟ್ಟದಾಚೆಯಿಂದ ಒಂದು ಹೊರೆ ಕಟ್ಟಿಗೆ ತಂದ ಹೆಂಗಸು ಗಾರ್ಡಿಗೆ ಉತ್ತರ ಹೇಳಬೇಕಾಗುತ್ತದೆ. ಮಂಗಟ್ಟೆಗಳಲ್ಲಿ ಅತಿ ದೊಡ್ಡದಾದ ಗ್ರೇಟ್ ಹಾರ್ನ್‌ಬಿಲ್ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ; ಆ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ ಸಜೆಯಿದೆ. ಹೀಗಿದ್ದೂ ಅದರ ಗೂಡಿನ ಬುಡದಲ್ಲಿ ದಿನವಿಡೀ ಗದ್ದಲವೆಬ್ಬಿಸಿದವನಿಗೆ ಸಿಗುವುದು ಸನ್ಮಾನ, ಪ್ರಶಸ್ತಿಪತ್ರ, ಪತ್ರಿಕೆಯಲ್ಲಿ ಬಣ್ಣದ ಪುಟ. ಕಾನೂನು ಒಂದೇ, ಅದನ್ನು ಓದುವ ಕಣ್ಣು ಮಾತ್ರ ಕಾರಿನ ಬೆಲೆಯನ್ನು ನೋಡುತ್ತದೆ.

ಛಾಯಾಗ್ರಹಣವೇ ಬೇಡವೆಂದು ವಾದಿಸುವುದು ಮೂರ್ಖತನವಾದೀತು. ಅದರಿಂದ ಕಾಡಿಗೆ ಆಗಿರುವ ಉಪಕಾರ ಸಣ್ಣದಲ್ಲ. 1920ರ ದಶಕದಲ್ಲಿ ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ದಾರಿಗೆ ಅಡ್ಡಲಾಗಿ ತಂತಿ ಎಳೆದು, ಹುಲಿ ತಾನೇ ಮೆಟ್ಟಿ ತನ್ನ ಚಿತ್ರ ತೆಗೆದುಕೊಳ್ಳುವ ಏರ್ಪಾಡು ಮಾಡಿದನು. ಅಂದಿನ ದೊರೆಗಳಿಗೂ ಸಾಹೇಬರಿಗೂ ಹುಲಿಯೆಂದರೆ ಗೋಡೆಗೆ ತೂಗುಹಾಕುವ ತೊಗಲು. ಅಂತಹ ಕಾಲದಲ್ಲಿ ಜಿಮ್ ಕಾರ್ಬೆಟ್‌ನಂತಹ ಬೇಟೆಗಾರ ಕೋವಿ ಬಿಟ್ಟು ಕ್ಯಾಮೆರಾ ಹಿಡಿಯಲು ಚಾಂಪಿಯನ್ನನ ಚಿತ್ರಗಳೇ ಪ್ರೇರಣೆಯಾದವು. ಮದರಾಸಿನ ಎಂ. ಕೃಷ್ಣನ್ ದಶಕಗಳ ಕಾಲ ಕಪ್ಪು ಬಿಳುಪಿನಲ್ಲಿಯೇ ಆನೆ, ಕಾಟಿಗಳನ್ನು ದಾಖಲಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಅಲೆದುದು ಕನ್ನಡ ಓದುಗರಿಗೆ ಹೊಸ ಕಣ್ಣನ್ನೇ ಕೊಟ್ಟಿತು. ಹುಲಿಯ ಎರಡು ಪಕ್ಕೆಗಳ ಪಟ್ಟೆಗಳು ಒಂದರಂತೆ ಇನ್ನೊಂದಿಲ್ಲ, ಒಂದು ಹುಲಿಯಂತೆ ಇನ್ನೊಂದಿಲ್ಲ. ಇದನ್ನು ಆಧರಿಸಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದ ಮೊದಲ ಭಾಗದಲ್ಲಿಯೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ನಿಲ್ಲಿಸಿ ಹುಲಿಗಳನ್ನು ಎಣಿಸುವ ವಿಧಾನ ಬೆಳೆಸಿದರು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇರಿಸಲಾಯಿತು. ದೊರೆತ ವನ್ಯಜೀವಿ ಚಿತ್ರಗಳು ಸುಮಾರು 3.48 ಕೋಟಿ, ಅವುಗಳಲ್ಲಿ ಹುಲಿಯವು 76,651 ಮಾತ್ರ. ಪ್ರಾಣಿಯ ದಿನಚರಿಗೆ ಅಡ್ಡಬಾರದೆ, ಕಾದು ಪಡೆದ ಫಲ ಇದು.

ಕಾಯುವುದು ಕಷ್ಟವೆಂಬುದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಹೇಳಬೇಕಾದುದಿಲ್ಲ. ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ನಡುಹಗಲಿನಲ್ಲೂ ಬೆಳಕು ಬೀಳುವುದಿಲ್ಲ. ಉಂಬಳ ಕಾಲಿಗೆ ಹತ್ತುತ್ತದೆ. ಅಡಿಕೆಗೆ ಕೊಳೆರೋಗ ತರುವ ಆಷಾಢದ ತೇವವೇ ಮಸೂರದ ಒಳಗೆ ಬೂಷ್ಟು ಬೆಳೆಸುತ್ತದೆ. ಸಾವಿರಾರು ರೂಪಾಯಿಯ ಗಾಜು ಒಂದೇ ಮಳೆಗಾಲಕ್ಕೆ ಮಬ್ಬಾಗುತ್ತದೆ. ಇಷ್ಟೆಲ್ಲ ಸಹಿಸಿ ಮೂರು ದಿನ ಕೂತವನಿಗೆ ನಾಲ್ಕನೆಯ ದಿನ ಸಿಂಗಳೀಕವೊಂದು ಕೊಂಬೆಯಿಂದ ಕೊಂಬೆಗೆ ಮರಿಯನ್ನು ಕೊಂಡೊಯ್ಯುವ ನೋಟ ಸಿಕ್ಕರೆ ಆ ಸಂತೋಷಕ್ಕೆ ಅವನು ಪೂರ್ಣ ಅರ್ಹ. ವಾರಾಂತ್ಯದ ಎರಡು ದಿನಗಳಲ್ಲಿ ಅದೇ ಚಿತ್ರ ಬೇಕೆಂದು ಹೊರಡುವವನಿಗೆ ಅಡ್ಡದಾರಿಯೊಂದೇ ಗತಿ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸುವುದು ಅಂತಹ ಒಂದು ದಾರಿ. ಮರಿಗಳಿಗೆ ಹುಳು ತರಬೇಕಾದ ಗಂಡು, ತನ್ನ ಎಲ್ಲೆಯೊಳಗೆ ಎದುರಾಳಿ ಬಂದನೆಂದು ಬಗೆದು, ಇಲ್ಲದ ಹಕ್ಕಿಯೊಡನೆ ಕಾದಾಡಲು ಕೆಲಸ ಬಿಟ್ಟು ಬರುತ್ತದೆ. ಗೂಬೆಗೆ ಜೀವಂತ ಇಲಿ ಕಟ್ಟುವುದು ಇನ್ನೊಂದು. ಇದಕ್ಕೆ ಕಾಯ್ದೆ ಕೊಟ್ಟಿರುವ ಹೆಸರು ಮೊದಲೇ ಹೇಳಿದಂತೆ ಆಮಿಷ.

ಮಳೆಗಾಲದ ಕಪ್ಪೆಗಳ ಪಾಡು ಹಕ್ಕಿಗಳಿಗಿಂತ ಕೆಟ್ಟದ್ದು, ಯಾಕೆಂದರೆ ಅವುಗಳ ಪರವಾಗಿ ಕೂಗುವವರೇ ಇಲ್ಲ. ಸಿದ್ದಾಪುರ ಸೀಮೆಯ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯನ್ನೇ ನೋಡಬಹುದು. ನೀರಿನ ಮೇಲಣ ಕಡ್ಡಿಗೋ ಕಲ್ಲಿಗೋ ಅಂಟಿಸಿದ ಮೊಟ್ಟೆಗಳ ಮೇಲೆ ಗಂಡು ಕಪ್ಪೆ ತೊರೆಯ ಕೆಸರನ್ನು ಮುಂಗಾಲಿನಲ್ಲಿ ತಂದು ಮೆತ್ತುತ್ತದೆ. ಅದಕ್ಕೆ ಕನ್ನಡದ ‘ಕುಂಬಾರ’ ಪದವೇ ವೈಜ್ಞಾನಿಕ ಹೆಸರಾಗಿ ನಿಂತಿದೆ. ಸಂಶೋಧಕರು ರಾತ್ರಿಯ ಹೊತ್ತು ತೊರೆಯ ಬದಿಯಲ್ಲಿ ಕಾದು ಕಂಡ ಸಂಗತಿ ಇದು. ಈಗ ಅಂತಹ ತೊರೆಗಳಿಗೆ ಇಳಿಯುವ ತಂಡಗಳಿಗೆ ಕಾಯುವ ವ್ಯವಧಾನವಿಲ್ಲ. ಕಪ್ಪೆಯನ್ನು ಕೈಯಲ್ಲಿ ಎತ್ತಿ, ಅಂದದ ಎಲೆಯ ಮೇಲೆ ಕೂರಿಸಿ, ನಾಲ್ಕು ದಿಕ್ಕಿನಿಂದ ಬೆಳಕು ಹೊಡೆದು ಚಿತ್ರ ತೆಗೆಯುತ್ತಾರೆ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುವ, ನೀರು ಹೀರುವ ಪ್ರಾಣಿ. ಉಂಬಳ ಹತ್ತಬಾರದೆಂದು ಹಚ್ಚಿಕೊಂಡ ಸುಣ್ಣ, ತಂಬಾಕು, ಔಷಧಿಗಳೆಲ್ಲ ಆ ಕೈಯಿಂದ ಅದರ ಮೈ ಸೇರುತ್ತವೆ. ರಾಮಪತ್ರೆ ಜಡ್ಡಿಯಲ್ಲಂತೂ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನೂ ಎಳೆ ಸಸಿಗಳನ್ನೂ ಬೂಟುಗಳು ತುಳಿಯುತ್ತವೆ.

ಚಿತ್ರದ ಹಸಿವು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಹೊರದೇಶದ ಎರಡು ಪ್ರಕರಣ ಸಾಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಜಗದ್ವಿಖ್ಯಾತ ಸ್ಪರ್ಧೆಯಲ್ಲಿ 2009ರ ಪರಮೋಚ್ಚ ಪ್ರಶಸ್ತಿ ಬೇಲಿ ಹಾರುವ ತೋಳದ ಚಿತ್ರಕ್ಕೆ ಸಂದಿತ್ತು. ತೋಳ ಪಳಗಿಸಿದ್ದಿರಬೇಕೆಂದು ತೀರ್ಪುಗಾರರು ನಿರ್ಣಯಿಸಿ 2010ರಲ್ಲಿ ಅದನ್ನು ಹಿಂಪಡೆದರು. 2017ರಲ್ಲಿ ಅದೇ ಸ್ಪರ್ಧೆಯಲ್ಲಿ ಗೆದ್ದ ಇರುವೆಭಕ್ಷಕದ ಚಿತ್ರದಲ್ಲಿರುವುದು ಹುಲ್ಲು ತುಂಬಿದ ಪ್ರಾಣಿಯೆಂದು ತಜ್ಞರು ಅಭಿಪ್ರಾಯಪಟ್ಟು 2018ರಲ್ಲಿ ಪ್ರಶಸ್ತಿ ರದ್ದಾಯಿತು. ಅಲ್ಲಿ ಮೋಸ ಹೋದವರು ತೀರ್ಪುಗಾರರು, ಅವರು ಚೇತರಿಸಿಕೊಂಡರು. ಇಲ್ಲಿ ಒಂದು ಪೊಟರೆ ಬರಿದಾದರೆ ಪ್ರಶಸ್ತಿ ಹಿಂಪಡೆದು ಪ್ರಯೋಜನವೇನು?

ಇಷ್ಟಕ್ಕೂ ಗೂಡಿನ ದಾರಿಯನ್ನು ನಗರದವರು ಕನಸಿನಲ್ಲಿ ಕಂಡು ಬರುವುದಿಲ್ಲ. ತೋರಿಸುವವರು ಊರಿನವರೇ. ಅಡಿಕೆಗೆ ರೋಗ, ಕಾಳುಮೆಣಸಿಗೆ ಸೊರಗು, ಮಕ್ಕಳೆಲ್ಲ ಬೆಂಗಳೂರಿಗೆ. ಇಂತಹ ಮನೆಯಲ್ಲಿ ಹೋಂಸ್ಟೇ ತೆರೆದು ನಾಲ್ಕು ಕಾಸು ಕಾಣುವುದು ತಪ್ಪಲ್ಲ. ಆ ಕಾಸನ್ನು ಗೂಡಿನ ಮೇಲೆ ನಿಲ್ಲಿಸಿದರೆ ಎಷ್ಟು ವರ್ಷ ಬಾಳೀತು ಎಂಬ ಲೆಕ್ಕವನ್ನಾದರೂ ಹಾಕಬೇಡವೇ? ಎಲೆ, ದರಕು, ಗೊಬ್ಬರಗಳ ಲೆಕ್ಕ ಬಲ್ಲ ತೋಟಿಗರಿಗೆ ಈ ಲೆಕ್ಕ ಬಗೆಹರಿಯದ್ದೇನಲ್ಲ. ಗೂಡಿಗೆ ಬದಲು ಹಣ್ಣಾದ ಗೋಳಿಮರವನ್ನು ತೋರಿಸಬಹುದು. ಮಂಗಟ್ಟೆ, ಕುಟ್ರುಹಕ್ಕಿ, ಹಸಿರು ಪಾರಿವಾಳ, ಕೆಂಜಳಿಲು ಎಲ್ಲವೂ ತಾವಾಗಿ ಅಲ್ಲಿಗೆ ಬರುತ್ತವೆ. ದೂರದಲ್ಲಿ ಸೊಪ್ಪಿನ ಮರೆ ಕಟ್ಟಿ ದಿನವಿಡೀ ಕೂತವನಿಗೆ ಒಂದೇ ಮರದಲ್ಲಿ ಹತ್ತು ಬಗೆಯ ಚಿತ್ರ ಸಿಗುತ್ತದೆ. ಒಂದು ಮರದಲ್ಲಿ ಹಣ್ಣು ಮುಗಿದರೆ ಇನ್ನೊಂದು. ಅತಿಥಿಗೆ ಇನ್ನೊಂದು ದಿನ ತಂಗಲು ಕಾರಣವೂ ಆಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳೂ ಅಡಗಿ ಕುಳಿತಿರುತ್ತವೆ. ಸ್ಥಳ ದಾಖಲಾಗುವ ಸೌಲಭ್ಯವನ್ನು ಆರಿಸದೆ ಕಳುಹಿಸಿದ ಕಾಳಿಂಗದ ಗೂಡಿನ ಚಿತ್ರ, ಹಾವು ಹಿಡಿಯುವವನ ಕೈಗೆ ನೆಟ್ಟಗೆ ದಾರಿ ತೋರಿಸೀತು. ಮಂಗಟ್ಟೆಯ ಗೂಡಿಗೂ ಕಾಡುಪಾಪ ಮಲಗುವ ಪೊದೆಗೂ ಇದೇ ಮಾತು. ಅದಕ್ಕಿಂತ ತುರ್ತಾಗಿ ಬೇಕಾದ ಚಿತ್ರಗಳು ಬೇರೆ ಇವೆ: ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕ ಸಿಂಗಳೀಕ, ಕಡಿದುರುಳಿಸಿದ ಕಾನಿನ ಮರ, ತೊರೆಗೆ ಇಳಿಸಿದ ಪೈಪು. ಅವಕ್ಕೆ ದೊಡ್ಡ ಮಸೂರ ಬೇಡ. ದಿನಾಂಕ ಮತ್ತು ಸ್ಥಳ ಸರಿಯಾಗಿ ಬರೆದಿಟ್ಟರೆ ಸಾಕು, ನ್ಯಾಯಾಲಯದಲ್ಲಿಯೂ ನಿಲ್ಲುತ್ತವೆ.

ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಪರವಾನಗಿ ನೀಡುವ ಅಧಿಕಾರ ಕಾಯ್ದೆಯ 28ನೇ ಕಲಂನಲ್ಲಿದೆ. 2022ರ ತಿದ್ದುಪಡಿ ಅದಕ್ಕೆ ಷರತ್ತು ಸೇರಿಸಿತು: ನೆಲೆಯನ್ನು ಬದಲಿಸದೆ, ನೆಲೆಗೂ ಜೀವಿಗಳಿಗೂ ಕೆಡುಕಾಗದಂತೆ ಮಾಡುವ ಚಿತ್ರೀಕರಣಕ್ಕೆ ಮಾತ್ರ ಅವಕಾಶ. ಅಭಯಾರಣ್ಯದ ಹೊರಗೆ, ಸೊಪ್ಪಿನ ಬೆಟ್ಟದಲ್ಲಿ, ಕಾನಿನಲ್ಲಿ, ತೋಟದ ಅಂಚಿನಲ್ಲಿ ಈ ಪರವಾನಗಿಯ ಪ್ರಶ್ನೆ ಏಳದಿದ್ದರೂ ಬೇಟೆಯ ನಿಷೇಧ ಅಲ್ಲಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಲವೆಡೆ ಅದು ಕಾಗದದಲ್ಲಷ್ಟೇ ಇದೆ. ಜನವರಿಯಿಂದ ಮೇ ತನಕ ಗೂಡಿನ ಮರದ ಬಳಿ ಯಾರನ್ನೂ ಕರೆದೊಯ್ಯಬಾರದು, ಕೂಗು ನುಡಿಸಬಾರದು ಎಂಬ ಠರಾವನ್ನು ಆ ಸಮಿತಿ ಮಾಡಿ, ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೂ ಊರಿನ ಪ್ರತಿ ಹೋಂಸ್ಟೇಗೂ ಕೊಡಬೇಕು. ಠರಾವಿನಲ್ಲಿ ಮರಗಳ ಗುರುತು ಬರೆಯುವ ಅಗತ್ಯವಿಲ್ಲ. ಊರಿನವರಿಗೆ ಅವು ಗೊತ್ತೇ ಇವೆ.