ಝಾರ್ ಪಟ್ಟಕ್ಕೆ ನೆರೆಯವರ ಒಪ್ಪಿಗೆ ಬೇಕಿತ್ತು

ರಷ್ಯಾದಲ್ಲಿ ಒಬ್ಬನ ಕೈಯಲ್ಲಿ ಅಧಿಕಾರ ಬಹುಕಾಲ ನಿಂತರೆ ಸಾಕು, ಪತ್ರಿಕೆಗಳು ಅವನನ್ನು ‘ಹೊಸ ಝಾರ್’ ಎಂದು ಕರೆದುಬಿಡುತ್ತವೆ. 1917ರ ಕ್ರಾಂತಿಯ ಪಾಠದಲ್ಲೇ ನಮಗೆ ಈ ಹೆಸರು ಮೊದಲು ಪರಿಚಯವಾಗುವುದರಿಂದ, ಝಾರ್ ಎಂದರೆ ರಷ್ಯಾದವನು, ಯಾರ ಮಾತನ್ನೂ ಕೇಳದ ದೊರೆ ಎಂಬ ಭಾವನೆ ಬೇರೂರಿದೆ. ಇತಿಹಾಸ ಹೇಳುವುದೇ ಬೇರೆ. ಈ ಪಟ್ಟ ಬಾಲ್ಕನ್ ನಾಡಿನಲ್ಲಿ ಮೊದಲು ಕಾಣಿಸಿಕೊಂಡಿತು, ಮಾಸ್ಕೋಗೆ ಬಂದದ್ದು ಆರು ಶತಮಾನಗಳ ನಂತರ. ಅದನ್ನು ಬಯಸಿದ ಸ್ಲಾವ್ ದೊರೆಗಳೆಲ್ಲ ಕೇಳುತ್ತಿದ್ದದ್ದು ಕಾನ್‌ಸ್ಟಾಂಟಿನೋಪಲ್‌ನ ಬೈಜಾಂಟೈನ್ ಚಕ್ರವರ್ತಿಗೆ ಸಮನಾದ ಸ್ಥಾನವನ್ನು. ಹಾಗಾಗಿ ಇನ್ನೊಬ್ಬರು ಒಪ್ಪದ ಹೊರತು ಆ ಪಟ್ಟಕ್ಕೆ ಬೆಲೆ ಬರುತ್ತಿರಲಿಲ್ಲ.

ಬಲ್ಗೇರಿಯಾದ ಸಿಮಿಯೋನ್‌ನನ್ನೇ ನೋಡಿ. ಕಾನ್‌ಸ್ಟಾಂಟಿನೋಪಲ್‌ನಲ್ಲೇ ಓದಿ ಬೆಳೆದವನು, 913ರಲ್ಲಿ ಅದೇ ನಗರದ ಕೋಟೆಯ ಹೊರಗೆ ಸೈನ್ಯ ತಂದು ನಿಲ್ಲಿಸಿದ. ಒಳಗಿದ್ದ ಚಕ್ರವರ್ತಿ ಇನ್ನೂ ಬಾಲಕ. ಆಡಳಿತ ನೋಡಿಕೊಳ್ಳುತ್ತಿದ್ದ ಹಿರಿಯ ಧರ್ಮಗುರು, ಪೇಟ್ರಿಯಾರ್ಕ್ ನಿಕೋಲಸ್, ಹೊರಬಂದು ಸಿಮಿಯೋನ್‌ನ ತಲೆಯ ಮೇಲೆ ಕಿರೀಟದ ಬದಲು ತನ್ನದೇ ಶಿರೋವಸ್ತ್ರವನ್ನು ಇಟ್ಟನೆಂದು ಬೈಜಾಂಟೈನ್ ಚರಿತ್ರೆಕಾರರು ಬರೆದಿದ್ದಾರೆ. ಅದು ಪಟ್ಟಾಭಿಷೇಕವೋ, ಕಣ್ಣೊರೆಸುವ ಶಾಸ್ತ್ರವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಮುಂದೆ ಸಿಮಿಯೋನ್ ತಾನು ಬಲ್ಗರರಿಗೂ ರೋಮನ್ನರಿಗೂ ಚಕ್ರವರ್ತಿ ಎಂದು ಸಾರಿಕೊಂಡ, ಯುದ್ಧದ ಮೇಲೆ ಯುದ್ಧ ಗೆದ್ದ, ಆದರೂ 927ರಲ್ಲಿ ಒಪ್ಪಿಗೆ ಸಿಗದೆಯೇ ತೀರಿಕೊಂಡ. ಅದೇ ವರ್ಷ ಅವನ ಮಗ ಪೀಟರ್ ಸಂಧಿ ಮಾಡಿಕೊಂಡು, ಚಕ್ರವರ್ತಿ ರೊಮಾನೋಸ್‌ನ ಮೊಮ್ಮಗಳು ಮರಿಯಾಳನ್ನು ಮದುವೆಯಾಗಿ, ತಂದೆಗೆ ದಕ್ಕದ ಪಟ್ಟವನ್ನು ಪಡೆದ. ಬಲ್ಗೇರಿಯಾದ ಚರ್ಚಿಗೂ ತನ್ನದೇ ಪೇಟ್ರಿಯಾರ್ಕ್‌ನ ಮಾನ್ಯತೆ ಸಿಕ್ಕಿತು. ತೋಳ್ಬಲವಿದ್ದರೆ ಬಿರುದು ತಾನಾಗಿ ಬರುತ್ತದೆ ಎನ್ನುವವರು ಈ ತಂದೆಮಕ್ಕಳ ಕಥೆಯನ್ನು ಮರೆಯುವಂತಿಲ್ಲ.

ಸೆರ್ಬಿಯಾದಲ್ಲಿ ನಡೆದದ್ದು ಇದರ ತಿರುವುಮುರುವು. 1346ರಲ್ಲಿ ಸ್ಟೀಫನ್ ದುಶಾನ್ ಸ್ಕೋಪ್ಯೆಯಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡ. ಅದಕ್ಕಾಗಿ ತನ್ನ ಆರ್ಚ್‌ಬಿಷಪ್‌ನನ್ನು ತಾನೇ ಪೇಟ್ರಿಯಾರ್ಕ್ ಪದವಿಗೇರಿಸಿದ್ದ. ಕಾನ್‌ಸ್ಟಾಂಟಿನೋಪಲ್ ಬಹಿಷ್ಕಾರ ಹಾಕಿತು. 1371ರಲ್ಲಿ ಅವನ ಮಗ ಉರೋಶ್ ಸಾಯುವುದರೊಂದಿಗೆ ಆ ಪಟ್ಟವೂ ಮುಗಿಯಿತು. ಕೊಸೊವೊ ಕಾಳಗದಲ್ಲಿ ಮಡಿದ ಲಾಜರ್‌ನನ್ನು ಜನಪದ ಹಾಡುಗಳು ಝಾರ್ ಎಂದೇ ಕರೆಯುತ್ತವೆ. ಜೀವಂತವಾಗಿದ್ದಾಗ ಅವನು ಬಳಸಿದ್ದು ‘ಕ್ನೆಜ್’ ಎಂಬ ಕಿರಿಯ ಬಿರುದನ್ನು ಮಾತ್ರ.

ಮಾಸ್ಕೋ ವಿಷಯದಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ರಷ್ಯಾದ ಹಳೆಯ ವೃತ್ತಾಂತಗಳು ಮಂಗೋಲ್ ಖಾನರನ್ನೂ ಝಾರ್ ಎಂದೇ ಕರೆದಿವೆ. ಹಾಗಿದ್ದ ಮೇಲೆ ಮಾಸ್ಕೋದಲ್ಲಿ ಮೊದಲು ಝಾರ್ ಆದ ಇವಾನ್ ಏರಿದ್ದು ಖಾನನ ಗದ್ದುಗೆಯನ್ನಲ್ಲವೇ? ಈ ಮಾತಿನಲ್ಲಿ ಹುರುಳಿದೆ. 1547ರ ಜನವರಿಯಲ್ಲಿ ಹದಿನಾರರ ಇವಾನ್‌ನ ಪಟ್ಟಾಭಿಷೇಕಕ್ಕೆ ಬಳಸಿದ ಮೊನೊಮಾಖ್ ಟೋಪಿ ಇಂದಿಗೂ ಕ್ರೆಮ್ಲಿನ್‌ನಲ್ಲಿದೆ: ಚಿನ್ನದ ಎಳೆಗಳ ಸೂಕ್ಷ್ಮ ಕೆಲಸ, ಅಂಚಿಗೆ ಸೇಬಲ್ ತುಪ್ಪಳ. ಬೈಜಾಂಟೈನ್ ಚಕ್ರವರ್ತಿ ಕಾನ್‌ಸ್ಟಾಂಟಿನ್ ಮೊನೊಮಾಖೋಸ್ ಅದನ್ನು ಕೀವ್‌ನ ವ್ಲಾದಿಮಿರ್ ಮೊನೊಮಾಖ್‌ಗೆ ಕಳಿಸಿಕೊಟ್ಟನೆಂಬುದು ಐತಿಹ್ಯ. ಆ ಚಕ್ರವರ್ತಿ 1055ರಲ್ಲಿ ತೀರಿಕೊಂಡಾಗ ವ್ಲಾದಿಮಿರ್ ಇನ್ನೂ ಹಸುಗೂಸು. ಟೋಪಿಯ ಕೆಲಸಗಾರಿಕೆಯಲ್ಲಿ ಮಧ್ಯ ಏಷ್ಯಾದ ಕೈ ಕಾಣುತ್ತದೆ ಎನ್ನುವವರೂ ಬಹಳ. ಆದರೆ ಮಾಸ್ಕೋ ಯಾರ ಮುಂದೆ ಯಾವ ಕಥೆ ಹೇಳಿತು ಎನ್ನುವುದೇ ಇಲ್ಲಿ ಮುಖ್ಯ. ಪಟ್ಟವನ್ನು ಮಾನ್ಯಮಾಡಿ ಎಂದು ಅದು ಕೇಳಿಕೊಂಡದ್ದು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್‌ನನ್ನು. ಒಪ್ಪಿಗೆಪತ್ರ ಬಂದದ್ದು 1560ರ ದಶಕದ ಆರಂಭದಲ್ಲಿ. ಪೋಲೆಂಡ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಆಗ ಮಾಸ್ಕೋದ ರಾಯಭಾರಿಗಳು, ಖಾನರು ಆಳುತ್ತಿದ್ದ ಕಜಾನ್ ಮತ್ತು ಅಸ್ತ್ರಾಖಾನ್ ಎಂಬ ಝಾರ್ ಗದ್ದುಗೆಗಳೆರಡೂ ನಮ್ಮ ಕೈಯಲ್ಲಿವೆ ಎಂಬ ವಾದವನ್ನೂ ಮುಂದಿಟ್ಟರು. ಎರಡು ಕಡೆಯಿಂದ ಪುರಾವೆ ಹೊಂದಿಸಬೇಕಾಗಿ ಬಂದದ್ದೇ ಒಪ್ಪಿಗೆಯ ಹಸಿವು ಎಷ್ಟಿತ್ತೆಂದು ತೋರಿಸುತ್ತದೆ.

ಹಾಗಾದರೆ ಇವಾನ್‌ನ ಕ್ರೌರ್ಯ, ರೊಮಾನೊವ್‌ರ ದಬ್ಬಾಳಿಕೆ? ಅವು ನಿಜ, ಅವುಗಳಲ್ಲಿ ನಲುಗಿದ ಜನರ ಸಂಕಟವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ಪಾಪವನ್ನು ಬಿರುದಿನ ತಲೆಗೆ ಕಟ್ಟುವುದು ಸರಿಯಲ್ಲ. ಮೊದಲ ರೊಮಾನೊವ್ ದೊರೆ ಮಿಖಾಯಿಲ್‌ನನ್ನು 1613ರಲ್ಲಿ ಝಾರ್ ಆಗಿ ಆರಿಸಿದ್ದು ಒಂದು ಮಹಾಸಭೆ. 1721ರಲ್ಲಿ ರಷ್ಯಾದ ಪೀಟರ್ ‘ಇಂಪೆರಾತೊರ್’ ಎಂಬ ಪಶ್ಚಿಮದ ಬಿರುದನ್ನು ಮುಂದಕ್ಕೆ ತಂದ ಮೇಲೆ ಝಾರ್ ಹಿಂದೆ ಸರಿಯಿತು. ನಮ್ಮ ಪಾಠಗಳಲ್ಲಿ ‘ಕೊನೆಯ ಝಾರ್’ ಎನಿಸಿಕೊಂಡ ಎರಡನೆಯ ನಿಕೋಲಸ್ ಅಧಿಕೃತವಾಗಿ ಇಂಪೆರಾತೊರ್. ಕಜಾನ್, ಅಸ್ತ್ರಾಖಾನ್, ಸೈಬೀರಿಯಾಗಳ ಝಾರ್ ಎಂಬುದು ಬಿರುದಾವಳಿಯಲ್ಲಿ ಅನಂತರ ಬರುತ್ತಿತ್ತು. ಅವನ ಕಾಲದಲ್ಲೇ, 1908ರಲ್ಲಿ, ಬಲ್ಗೇರಿಯಾದ ಫರ್ಡಿನೆಂಡ್ ತರ್ನೊವೊದಲ್ಲಿ ಒಟ್ಟೋಮನ್ನರಿಂದ ಸ್ವಾತಂತ್ರ್ಯ ಘೋಷಿಸಿ ಝಾರ್ ಪಟ್ಟವನ್ನು ಮತ್ತೆ ಧರಿಸಿದ. ಆ ದೇಶಕ್ಕೆ 1879ರಿಂದಲೇ ಸಂವಿಧಾನವಿತ್ತು, ಚುನಾಯಿತ ಶಾಸನಸಭೆಯಿತ್ತು. ಆಗಲೂ ಘೋಷಣೆಯೊಂದೇ ಸಾಲಲಿಲ್ಲ: ಒಟ್ಟೋಮನ್ನರಿಗೆ ಸಲ್ಲಬೇಕಾದ ಪರಿಹಾರದ ಲೆಕ್ಕವನ್ನು ರಷ್ಯಾ ನಡುವೆ ನಿಂತು ಬಗೆಹರಿಸಿದ ಮೇಲೆ, 1909ರ ಏಪ್ರಿಲ್‌ನಲ್ಲಿ, ಇಸ್ತಾನ್‌ಬುಲ್ ಬಲ್ಗೇರಿಯಾದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು.