ಮನೋರೋಗದ ಔಷಧವೂ ಗೃಹಸ್ಥರ ಕುತರ್ಕವೂ

ಜ್ವರ ಬಂದ ಮಗುವಿಗೆ ಕಾಲಕಾಲಕ್ಕೆ ಕಷಾಯವನ್ನೆರೆಯುವ ಮನೆಯವರೇ, ಚಿತ್ತಭ್ರಮೆಯಾದ ತರುಣನಿಗೆ ವೈದ್ಯರು ವಿಧಿಸಿದ ಗುಳಿಗೆಯನ್ನು ಗುಟ್ಟಾಗಿ ನಿಲ್ಲಿಸಿಬಿಡುವುದುಂಟು. ಈ ಕಾರ್ಯಕ್ಕೆ ಅವರು ಕೊಡುವ ಕಾರಣಗಳು ಮೂರು: ಈ ಔಷಧಗಳು ಪರದೇಶದವು, ಸರ್ಪಗಂಧಿಯಿರಲು ಅವುಗಳ ಅಗತ್ಯವಿಲ್ಲ, ಅವು ರೋಗಿಯನ್ನು ಮಲಗಿಸುವವೇ ಹೊರತು ಗುಣಪಡಿಸುವವಲ್ಲ, ಗುಣವಾದ ಬಳಿಕ ಸೇವಿಸುವುದು ವ್ಯರ್ಥ. ಈ ಪೂರ್ವಪಕ್ಷವು ವಿಚಾರದೆದುರು ನಿಲ್ಲತಕ್ಕುದಲ್ಲ.

ಸರ್ಪಗಂಧಿಯ ಮಹಿಮೆ ಸುಳ್ಳಲ್ಲ. 1931ರಲ್ಲಿ ಗಣನಾಥ ಸೇನ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಉನ್ಮಾದದಲ್ಲಿಯೂ ರಕ್ತದ ಒತ್ತಡದಲ್ಲಿಯೂ ಅದರ ಗುಣವನ್ನು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು; 1954ರಲ್ಲಿ ಅಮೆರಿಕೆಯ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲವನ್ನು ವರದಿಮಾಡಿದನು. ಆದರೆ ಆ ಸಾರವು ಮೆದುಳಿನ ನರತಂತುಗಳಲ್ಲಿ ಸಂಚಿತವಾದ ಡೋಪಮೈನ್ ಮೊದಲಾದ ದ್ರವ್ಯಗಳನ್ನೇ ಬರಿದುಮಾಡುವುದು. ರಕ್ತದ ಒತ್ತಡ ಕುಸಿಯುವುದು, ಮನಸ್ಸು ಕುಗ್ಗುವುದು ಮುಂತಾದ ದೋಷಗಳು ವರದಿಯಾಗಲು, ಮನೋವೈದ್ಯರು ಮೇಲಾದ ಔಷಧಗಳನ್ನು ಹಿಡಿದರು. ಮೂಲಿಕೆಯ ಗೋತ್ರಪ್ರವರಗಳನ್ನು ಹೇಳಿಕೊಳ್ಳುವುದರಿಂದ ರೋಗಿಗೆ ಬಂದ ಭಾಗ್ಯವೇನು? ಔಷಧಕ್ಕೆ ಕುಲವಿಲ್ಲ, ಪರೀಕ್ಷೆಯುಂಟು, ಪ್ರಮಾಣವುಂಟು.

ಇನ್ನು ಎರಡನೆಯ ಮಾತು. 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಝೈನನ್ನು ಮನೋರೋಗಿಗಳಲ್ಲಿ ಪ್ರಯೋಗಿಸಿದರು. ನಿದ್ರೆಯನ್ನು ತರುವ ಔಷಧಗಳು ಅದಕ್ಕೂ ಮೊದಲೇ ಹೇರಳವಾಗಿದ್ದವು. ಅವುಗಳಿಂದ ಇಲ್ಲದ ದನಿಯನ್ನು ಕೇಳುವುದು ನಿಂತಿತೆ? ನಿಲ್ಲಲಿಲ್ಲ. ಈ ಹೊಸ ಔಷಧವಾದರೋ ಡೋಪಮೈನ್ ಹೋಗಿ ಮುಟ್ಟುವ ದ್ವಾರವನ್ನೇ ತಡೆದು, ಭ್ರಮೆಯ ಕಾವನ್ನು ಇಳಿಸುವುದು. ನಿದ್ರೆಯು ಮೊದಲ ದಿನಗಳಲ್ಲಿಯೇ ಬರುವುದು, ಭ್ರಮೆಯು ಇಳಿಯಲು ವಾರಗಳು ಬೇಕಾಗುವುವು. ಎರಡೂ ಒಂದೇ ಅಲ್ಲವೆಂಬುದಕ್ಕೆ ಇದೇ ಸಾಕ್ಷಿ. ಇದರಲ್ಲಿ ದೋಷವಿಲ್ಲವೆನ್ನುವುದೂ ಸಲ್ಲದು. ಕೈ ನಡುಗುವುದು, ಅಂಗಗಳು ಬಿಗಿಯುವುದು, ವರ್ಷಗಳು ಕಳೆದ ಮೇಲೆ ಬಾಯಿ ನಾಲಿಗೆಗಳು ತಾವಾಗಿಯೇ ಚಲಿಸುವುದು — ಇವೆಲ್ಲ ಉಂಟು. ಇವನ್ನು ಮುಂಚಿತವಾಗಿ ತಿಳಿಸದ ವೈದ್ಯನೂ ದೂಷ್ಯನೇ. ಏಕೆಂದರೆ ಹೇಳದೆ ಕೊಟ್ಟ ಔಷಧವನ್ನು ಹೇಳದೆ ಬಿಡುವ ರೋಗಿ ಹುಟ್ಟುತ್ತಾನೆ.

ಮೂರನೆಯ ಕುತರ್ಕವೇ ಘೋರವಾದುದು. ಲಿಥಿಯಂ ಎಂಬ ಲವಣವನ್ನು 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮತ್ತರಾದ ಹತ್ತು ಮಂದಿಗೆ ಕೊಟ್ಟು ಶಾಂತಿಯನ್ನು ಕಂಡನು. ಅದೇ ವರ್ಷ ಅಮೆರಿಕೆಯಲ್ಲಿ ಅದೇ ಲವಣಜಾತಿಯನ್ನು ಅಡಿಗೆಯುಪ್ಪಿಗೆ ಬದಲಾಗಿ ಅಳತೆಯಿಲ್ಲದೆ ತಿಂದ ಕೆಲವರು ಸತ್ತರು. ಪದಾರ್ಥ ಒಂದೇ; ಭೇದವು ಮಾತ್ರೆಯಲ್ಲಿ. ಲೀಟರು ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ಮೀರಿದರೆ ವಾಂತಿ, ಭೇದಿ, ನಡುಕ, ತೂರಾಟ. ಆದುದರಿಂದಲೇ ರಕ್ತಪರೀಕ್ಷೆಯು ವೈದ್ಯರ ಆಡಂಬರವಲ್ಲ.

ಇಲ್ಲಿ ಗೃಹಿಣಿಯರು ಒಂದು ಸಂಗತಿಯನ್ನು ಲಕ್ಷಿಸಬೇಕು. ಮೂತ್ರಪಿಂಡವು ಸೋಡಿಯಮ್ಮನ್ನು ಉಳಿಸಿಕೊಳ್ಳಲೆಳಸಿದಾಗ ಲಿಥಿಯಮ್ಮನ್ನೂ ಉಳಿಸಿಕೊಳ್ಳುವುದು. ಹೀಗಿರಲು, ಈ ಔಷಧವನ್ನು ಸೇವಿಸುವ ಸೊಸೆಗೆ ಏಕಾದಶಿಯಂದು ನಿರ್ಜಲ ಉಪವಾಸವನ್ನೋ ಉಪ್ಪಿಲ್ಲದ ವ್ರತವನ್ನೋ ಹೇರುವ ಅತ್ತೆಯು ಪುಣ್ಯವೆಂದು ತಿಳಿದು ವಿಷವನ್ನು ಏರಿಸುತ್ತಿರುತ್ತಾಳೆ. ಆತುರರಿಗೆ ನಿಯಮವಿಲ್ಲವೆಂಬ ಸಂಪ್ರದಾಯವಿರುವುದು ಯಾರಿಗಾಗಿ?

ಗುಣವಾಯಿತೆಂದು ಥಟ್ಟನೆ ನಿಲ್ಲಿಸಿದರೆ ವ್ಯಾಧಿಯು ಮರುಕಳಿಸುವುದು. ಖಿನ್ನತೆಯು ಮರಳಿ, ರೋಗಿಯು ಆತ್ಮಹತ್ಯೆಗೆ ಕೈಹಾಕುವ ಭಯವೂ ಉಂಟು. ಮಳೆ ಸುರಿಯುತ್ತಿರಲು, ಮೈ ನೆನೆದಿಲ್ಲವೆಂದು ಕೊಡೆಯನ್ನು ಬಿಸುಡುವವನನ್ನು ಜಾಣನೆನ್ನುವರೆ? ಕಡಮೆ ಮಾಡಬೇಕಾದರೆ ವೈದ್ಯರು ಅಳೆದು, ಮೆಲ್ಲಮೆಲ್ಲನೆ ಮಾಡಲಿ.

ಚರಕಸಂಹಿತೆಯು ಉನ್ಮಾದಕ್ಕೆ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಬೇರೆಬೇರೆ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಪ್ರಾಚೀನರು ವ್ಯಾಧಿಯೆಂದು ಗಣಿಸಿದ್ದನ್ನು ಮನೆತನದ ಕಳಂಕವೆಂದು ಮುಚ್ಚಿಡುವವರು ಅವರ ಹೆಸರನ್ನು ಹೇಳಲು ಅರ್ಹರಲ್ಲ. ಗುಳಿಗೆಯನ್ನು ಬಚ್ಚಿಡುವ ಕೈಯೇ ಅದನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಡಲಿ. ರೋಗಿಗೆ ಬೇಕಾದ ಬಂಧುತ್ವವು ಅಷ್ಟೇ.