ಟ್ಯಾಂಕಿನೊಳಗಣ ಸಾಕ್ಷಿ

ಒಂದು ಲಾರಿಯನ್ನಿಟ್ಟುಕೊಂಡು ಸಂಸಾರವನ್ನು ಸಾಗಿಸತಕ್ಕ ಗೃಹಸ್ಥರು ನಮ್ಮ ವಾಚಕರಲ್ಲಿ ಹಲವರುಂಟು. ಡೀಸೆಲ್ ಟ್ಯಾಂಕಿಗೆ ಅಳತೆಯ ಸೆನ್ಸರನ್ನು ಹಾಕಿಸಿದೊಡನೆ ಕಳವಿನ ಚಿಂತೆಯು ತೀರಿತೆಂದು ಇವರು ನಂಬುವುದುಂಟು. ಈ ನಂಬಿಕೆಯಿಂದ ಒಬ್ಬ ನಿರಪರಾಧಿಗೆ ಒದಗಿದ ಸಂಕಟವನ್ನು ನಾವು ಕಣ್ಣಾರೆ ಕಂಡೆವು.

ನಮ್ಮ ನೆರೆಯವರ ಲಾರಿಯಲ್ಲಿ ಒಂದು ರಾತ್ರಿ 40 ಲೀಟರ್ ಒಮ್ಮೆಗೇ ಇಳಿದುಹೋದಂತೆ ಮೊಬೈಲಿನಲ್ಲಿ ತೋರಿತು. ಹನ್ನೊಂದು ವರ್ಷ ದುಡಿದ ಡ್ರೈವರನನ್ನು ಬೆಳಗಾಗುವುದರೊಳಗೆ ಕಳ್ಳನೆಂದರು. ಆತನು ಕೀಲಿಕೈಯನ್ನು ಜಗಲಿಯ ಮೇಲಿರಿಸಿ ಮಾತನಾಡದೆ ಹೊರಟುಹೋದನು. ಮೂರನೆಯ ದಿನ ಮೇಸ್ತ್ರಿಯು ಲಾರಿಯಡಿ ನುಸುಳಿ ನೋಡಲಾಗಿ, ಸೆನ್ಸರಿನ ತಂತಿಯು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿದ್ದಿತು. ಟ್ಯಾಂಕಿಗೆ ಕೋಲನ್ನಿಳಿಸಿ ಅಳೆದರೆ ಡೀಸೆಲ್ಲು ಇದ್ದಷ್ಟೂ ಇದ್ದಿತು!

ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವೂ ಹಳದಿಯಾಗಿ ಕಾಣುವುದೆಂದು ನಮ್ಮ ತಾರ್ಕಿಕರು ದೃಷ್ಟಾಂತ ಕೊಡುವರಷ್ಟೆ. ಈ ಯಂತ್ರದ ಕಣ್ಣೂ ಅಂತಹುದೇ. ಒಂದು ಬಗೆಯ ಸೆನ್ಸರಿನಲ್ಲಿ ಲೋಹದ ಎರಡು ಕೊಳವೆಗಳು ಒಂದರೊಳಗೊಂದು ನಿಂತಿರುವುವು. ನಡುವೆ ಡೀಸೆಲ್ಲು ಏರಿಳಿದಂತೆ, ವಿದ್ಯುತ್ತನ್ನು ಹಿಡಿದಿಡುವ ಅವುಗಳ ಶಕ್ತಿಯು ಹೆಚ್ಚುಕಡಿಮೆಯಾಗುವುದು. ಈ ವಿಷಯದಲ್ಲಿ ಡೀಸೆಲ್ಲು ಗಾಳಿಯ ಸುಮಾರು 2ರಷ್ಟು, ನೀರಾದರೋ ಸುಮಾರು 80ರಷ್ಟು. ಆದಕಾರಣ ತಳದಲ್ಲಿ ಸ್ವಲ್ಪ ನೀರು ಕೂಡಿದರೂ ಲೆಕ್ಕವು ಕೆಡುವುದು. ಕೊಳವೆಯ ತುದಿಯನ್ನು ತಳಕ್ಕೆ ಮುಟ್ಟಿಸದೆ ಸುಮಾರು 2 ಸೆಂಟಿಮೀಟರ್ ಮೇಲೆ ನಿಲ್ಲಿಸತಕ್ಕದ್ದು.

ತಂತಿಯನ್ನು ಸುಕ್ಕುಗೊಳವೆಯೊಳಗೆ ಹಾಯಿಸಿ, ಹೊಗೆ ಕೊಳವೆಯಿಂದ ದೂರವಾಗಿ, ಅಲ್ಲಲ್ಲಿ ಬಿಗಿದು ಕಟ್ಟಿಸಬೇಕು. ಲಾರಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಸೆನ್ಸರನ್ನೂ ಬಿಚ್ಚಿಸದಿದ್ದರೆ ಅದು ಸುಟ್ಟೀತು. ತೊಳೆಯುವವರು ರಭಸದ ನೀರನ್ನು ಅದರ ತಲೆಗೇ ಹಿಡಿಯಬಾರದು.

ಇನ್ನು ಕೈಚಳಕದವರ ಮಾತು. ಸೆನ್ಸರಿನ ತಲೆಗೂ ತಂತಿಯ ಜೋಡಣೆಗೂ ಸಂಖ್ಯೆಯುಳ್ಳ ಸೀಲನ್ನು ಹಾಕಿಸಿ, ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಪ್ರಶ್ನಪತ್ರಿಕೆಗಳ ಅರಗಿನ ಮೊಹರನ್ನು ಬಹುಕಾಲ ಕಾಯ್ದ ನಾವು ಬಲ್ಲೆವು: ಮೊಹರು ಕಳ್ಳನನ್ನು ತಡೆಯಲಾರದು, ಬಿಚ್ಚಿದರೆಂಬುದನ್ನು ಮಾತ್ರ ಹೇಳುವುದು. ಇಂಜಿನ್ನಿನಿಂದ ಟ್ಯಾಂಕಿಗೆ ಹಿಂದಿರುಗುವ ಕೊಳವೆಯಿಂದ ಮೆಲ್ಲಮೆಲ್ಲನೆ ಕದಿಯುವವರೂ ಇರುವರು. ಆ ಕಳವು ಹೆಚ್ಚಿನ ಖರ್ಚಿನಂತೆಯೇ ತೋರುವುದರಿಂದ ಅಲ್ಲಿಯೂ ಒಂದು ಸೀಲು ಅವಶ್ಯವು.

ಅಳತೆಯು ತಟ್ಟನೆ ಇಳಿದರೆ ಮೊದಲು ಕೋಲು, ಬಳಿಕ ತಂತಿ, ಬಳಿಕ ಸೀಲು. ಡ್ರೈವರನ ಸರದಿಯು ಆಮೇಲೆ. ನಮ್ಮ ನೆರೆಯವರು ಆತನ ಮನೆಗೆ ಎರಡು ಸಲ ಹೋಗಿ ಬಂದರು. ಈಗ ಆತನು ಬೇರೊಬ್ಬರ ಲಾರಿಯನ್ನು ನಡೆಸುತ್ತಿರುವನಂತೆ.